ಪುಟ್ಟಿಗೆ ಸುಸ್ತಾಗಿರಲಿಲ್ಲ

ಪ್ರೀತಿಯ ಪುಟ್ಟಿ,

ಫೋನಿನಲ್ಲೇ ಹೇಳಬಹುದಿತ್ತು. ನೀನು ನಗಲು ಶುರು ಮಾಡಿದರೆ ನನಗೆ ಮಾತು ಮುಂದಕ್ಕೆ ಹೋಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರ ಎತ್ತಿನ ಭುಜ ಬೆಟ್ಟ ಹತ್ತಿದೆ. ತುದಿ ತನಕ.

"ಆಫೀಸಿನವರ ಜೊತೆ ಅಲ್ಲಿಗೆ ಹೋಗ್ತೀನಿ, ಈ ಸಲ ಸುಸ್ತಾಗಲ್ಲಪ್ಪ" ಎಂದು ನೀನು ಹೇಳಿದೆಯಲ್ಲ, ಆ ಮಾತು ಚುಚ್ಚಿತು. ನಿನಗೆ ಒಂಬತ್ತು ವರ್ಷವಿದ್ದಾಗ ಕೊನೆಯ ಬಂಡೆಯ ಬುಡದಿಂದ ವಾಪಸ್ ಬಂದೆವು. "ಮಂಜು ಮುಚ್ಚಿತು, ಪುಟ್ಟಿಗೂ ಸುಸ್ತಾಗಿತ್ತು" ಅಂತ ಮನೆಯಲ್ಲಿ ಹೇಳಿದೆ. ನಿನಗೆ ಸುಸ್ತೂ ಇಲ್ಲ, ಗಿಸ್ತೂ ಇಲ್ಲ. ನಡುಗಿದ್ದು ನನ್ನ ಕಾಲು. ಇಳಿಜಾರು ನೋಡಿ ತಲೆ ತಿರುಗಿತ್ತು. ಆಮೇಲೆ ನೆಂಟರ ಮುಂದೆ ಆ ಕಥೆ ಬಂದಾಗಲೆಲ್ಲ ನೀನು "ನಾನು ಚಿಕ್ಕವಳಿದ್ದೆ, ಆಗಲಿಲ್ಲ" ಅನ್ನುತ್ತೀಯ. ನಾನು ಸುಮ್ನೆ ಕಾಫಿ ಕುಡಿಯುತ್ತಾ ಕೂತಿರುತ್ತೇನೆ.

ಬೆಟ್ಟದ ಬುಡದ ಭೈರಾಪುರದಲ್ಲಿ ನಾಣ್ಯದ ಭೈರವೇಶ್ವರನಿಗೆ ಕೈಮುಗಿದು ಹೊರಟೆ. ಈಗ ಮನಸ್ಸು ಬಂದಾಗ ಹತ್ತುವ ಹಾಗಿಲ್ಲ, ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬೇಕು. ನೀನೂ ನೋಡಿಕೋ.

ಕಾಡಿನೊಳಗೆ ಇಂಬಳದ ಕಾಟ ಜಾಸ್ತಿ. ನಿಮ್ಮಮ್ಮ ಕೊಟ್ಟ ಉಪ್ಪಿನ ಗಂಟು ಜೀಪಿನಲ್ಲೇ ಮರೆತಿದ್ದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ ನೋಡು, ಉದುರಿ ಹೋದ ಮೇಲೂ ಸುರಿಯುತ್ತಲೇ ಇತ್ತು. ದಾರಿಯಲ್ಲಿ ಒಂದು ಕಡೆ ಆನೆ ಲದ್ದಿ. ಜೊತೆಗೆ ಬಂದ ಊರಿನ ಹುಡುಗ ಕಡ್ಡಿಯಲ್ಲಿ ಕೆದಕಿ, "ಒಣಗಿದೆ ಸಾರ್, ನಡೀರಿ" ಎಂದ.

ಮರಗಳು ಮುಗಿದು ಹುಲ್ಲು, ಹುಲ್ಲು ಮುಗಿದು ಬಂಡೆ. ದೂರದಿಂದ ಎತ್ತಿನ ಹಿಣಿಲಿನಂತೆ ಕಾಣುವುದು ಅದೇ. ಎತ್ತರ ಸುಮಾರು 1,300 ಮೀಟರ್ ಅಷ್ಟೇ, ಮುಳ್ಳಯ್ಯನಗಿರಿ 1,930. ಆದರೆ ಅಲ್ಲಿ ಕಾರಿಳಿದರೆ ಮೆಟ್ಟಿಲಿವೆ. ಇಲ್ಲಿ ಕೈಯೂರಿಯೇ ಹತ್ತಬೇಕು. ಹಳೆಯ ಜಾಗಕ್ಕೆ ಬರುತ್ತಲೇ ಕಾಲು ಮತ್ತೆ ನಡುಗಿತು. ಕೂತೆ. ನೀರು ಕುಡಿದೆ. ಕಾಲೇಜು ಹುಡುಗಿಯರು "ನಿಧಾನ ಅಂಕಲ್" ಎನ್ನುತ್ತಾ ದಾಟಿಹೋದರು. ಆಮೇಲೆ ನಾಚಿಕೆ ಬಿಟ್ಟು ಅಂಬೆಗಾಲಿಟ್ಟೆ. ಮುಂದಿನ ಒಂದು ಮೊಳ ಬಂಡೆ ಬಿಟ್ಟು ಬೇರೇನೂ ನೋಡಲಿಲ್ಲ.

ಮೇಲೆ ಗಾಳಿ ಅಂದರೆ ಗಾಳಿ. ಪಡುವಣಕ್ಕೆ ಕಾಡು ಒಮ್ಮೆಲೇ ಶಿಶಿಲದ ಕಡೆ ಇಳಿಯುತ್ತದೆ. ಆ ಕಡೆ ಬಿದ್ದ ಮಳೆ ಕಪಿಲೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಈ ಕಡೆಯದು ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ. ಬಾಟಲಿಯಲ್ಲಿ ಉಳಿದ ನೀರನ್ನು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಚೆಲ್ಲಿದೆ. ಹುಡುಗ ನನ್ನನ್ನೇ ನೋಡುತ್ತಿದ್ದ. ನೀನಿದ್ದಿದ್ದರೆ ಬಾಟಲಿ ಕಿತ್ತುಕೊಂಡು ನೀನೇ ಚೆಲ್ಲುತ್ತಿದ್ದೆ.

ದೀಪಾವಳಿಗೆ ನಿಮ್ಮತ್ತೆ ಬರುತ್ತಾಳೆ. ಈ ಸಲ ಆ ಕಥೆ ನಾನೇ ಹೇಳುತ್ತೇನೆ, ನೀನು ಬಾಯಿ ಹಾಕಬೇಡ.

ಇಳಿಯುವಾಗ ಬಂಡೆಯ ಮೇಲೆ ಕೂತು ಜಾರಿಕೊಂಡೇ ಬಂದೆ. ಪ್ಯಾಂಟು ಹಿಂದುಗಡೆ ಹರಿದಿದೆ. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ.

ನಿನ್ನ
ಅಪ್ಪ