ಬಾಕ್ಸ್ ಮೇಲೆ ಇನ್ನು ಮುಂದೆ ಬಣ್ಣದ ಚೀಟಿ: ಗ್ರಾಹಕರಿಗೊಂದು ಪತ್ರ

ಮಾನ್ಯ ಗ್ರಾಹಕರೇ, ಸಂಘದ ಸದಸ್ಯರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಂಘದಲ್ಲಿ ಸಿಗುವ ಪ್ರತಿಯೊಂದು ವಿಡಿಯೋ ಗೇಮ್‌ನ ಬಾಕ್ಸ್ ಮೇಲೂ ಒಂದು ಬಣ್ಣದ ಚೀಟಿ ಇರುತ್ತದೆ. ಇಂಟರ್ನೆಟ್ ಇಲ್ಲದ ಕನ್ಸೋಲ್‌ಗೆ (ಗೇಮ್ ಆಡುವ ಯಂತ್ರಕ್ಕೆ) ಆ ಡಿಸ್ಕ್ ಅಥವಾ ಕಾರ್ಡ್ ಹಾಕಿದರೆ ಗೇಮ್ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಆ ಚೀಟಿ ಹೇಳುತ್ತದೆ. ಹೊಸ ಗೇಮ್‌ಗೂ ಹಳೆಯದಕ್ಕೂ ಇದೇ ಪದ್ಧತಿ. ಜೊತೆಗೆ ಎರಡು ಕೆಲಸ ನಿಲ್ಲಿಸುತ್ತಿದ್ದೇವೆ: ಒಳಗೆ ಡೌನ್‌ಲೋಡ್ ಕೋಡ್ ಮಾತ್ರ ಇರುವ ಬಾಕ್ಸ್‌ಗಳನ್ನು ಇನ್ನು ತರಿಸುವುದಿಲ್ಲ, ಬ್ಲೂ-ರೇ ಡಿಸ್ಕ್‌ಗಳಿಗೆ ಗೀರು ಹೋಗಲೆಂದು ಪಾಲಿಶ್ ಮಾಡಿಕೊಡುವುದಿಲ್ಲ.

ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಸಂಗ್ರಾಹಕರು. ಅವರು ಕೇಳುವ ಪ್ರಶ್ನೆಯೇ ಈಚೆಗೆ ಬದಲಾಗಿದೆ. ಮೊದಲೆಲ್ಲ "ಕೈಪಿಡಿ ಇದೆಯಾ, ಡಿಸ್ಕ್ ಮೇಲೆ ಗೀರು ಎಷ್ಟಿದೆ" ಎಂದು ಕೇಳುತ್ತಿದ್ದರು. ಈಗ ಮೊದಲು ಬರುವ ಪ್ರಶ್ನೆ, "ಇದರೊಳಗೆ ಗೇಮ್ ಇದೆಯಾ?" ಹೀಗೆ ಕೇಳುವವರು ಡೌನ್‌ಲೋಡ್‌ನ ವಿರೋಧಿಗಳೇನಲ್ಲ. ಎಷ್ಟೋ ಒಳ್ಳೆಯ ಚಿಕ್ಕ ಗೇಮ್‌ಗಳು ಡೌನ್‌ಲೋಡ್ ಇಲ್ಲದಿದ್ದರೆ ಹೊರಗೇ ಬರುತ್ತಿರಲಿಲ್ಲ ಎಂದು ಅವರಿಗೂ ಗೊತ್ತು. ದುಡ್ಡು ಕೊಟ್ಟು ತಂದು ಕಪಾಟಿನಲ್ಲಿಟ್ಟ ವಸ್ತು ನಾಳೆ ನಡೆಯಬೇಕೋ ಬೇಡವೋ ಎಂಬ ತೀರ್ಮಾನ ಬೇರೆಯವರ ಕೈಯಲ್ಲಿ ಉಳಿದುಬಿಡುತ್ತದಲ್ಲ, ಅದು ಅವರನ್ನು ಚುಚ್ಚುತ್ತದೆ. ನಮ್ಮನ್ನೂ ಚುಚ್ಚುತ್ತದೆ.

ಈ ಭಯಕ್ಕೆ ಆಧಾರವಿದೆ. ನಿಂಟೆಂಡೊ ಕಂಪನಿಯ ವೀ ಕನ್ಸೋಲ್‌ನ ಆನ್‌ಲೈನ್ ಅಂಗಡಿ 2019ರ ಜನವರಿ 30ರಂದು ಮುಚ್ಚಿತು. ಅದೇ ಕಂಪನಿಯ 3ಡಿಎಸ್ ಮತ್ತು ವೀ ಯು ಅಂಗಡಿಗಳಲ್ಲಿ 2023ರ ಮಾರ್ಚ್ 27ರಿಂದ ಏನನ್ನೂ ಕೊಳ್ಳಲಾಗುವುದಿಲ್ಲ. ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈ 29ರಂದು ಬಾಗಿಲು ಹಾಕಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಗೇಮ್‌ಗಳನ್ನು ಇಂದು ಯಾವ ಬೆಲೆ ಕೊಟ್ಟರೂ ಸರಿಯಾದ ದಾರಿಯಲ್ಲಿ ಪಡೆಯಲಾಗದು. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ನೂರಕ್ಕೆ 87ರಷ್ಟು ಈಗ ಮಾರಾಟದಲ್ಲೇ ಇಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಡಿಜಿಟಲ್ ಅಂಗಡಿಗಳು ತಾವು ಕೊಡುತ್ತಿರುವುದು ಲೈಸೆನ್ಸ್, ಅಂದರೆ ಬಳಸುವ ಅನುಮತಿ ಮಾತ್ರ, ಎಂದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಡಿಸ್ಕ್ ಇದ್ದಮಾತ್ರಕ್ಕೆ ಪಾರಾದೆವು ಎನ್ನುವಂತೆಯೂ ಇಲ್ಲ. ದಿ ಕ್ರೂ ಎಂಬ 2014ರ ಕಾರ್ ರೇಸ್ ಗೇಮ್‌ನ ಸರ್ವರ್ (ಕಂಪನಿಯ ಕಡೆಯ ಕಂಪ್ಯೂಟರ್) 2024ರ ಮಾರ್ಚ್ 31ರಂದು ನಿಂತಿತು. ಒಬ್ಬರೇ ಆಡುವಾಗಲೂ ಅದಕ್ಕೆ ಸರ್ವರ್ ಬೇಕಿತ್ತು. ಹಾಗಾಗಿ ಡಿಸ್ಕ್ ಇಟ್ಟುಕೊಂಡವರಿಗೂ ಗೇಮ್ ಹೋಯಿತು. 2022ರ ಕಾಲ್ ಆಫ್ ಡ್ಯೂಟಿಯ ಪ್ಲೇಸ್ಟೇಷನ್ 5 ಡಿಸ್ಕ್‌ನಲ್ಲಿ ಇದ್ದದ್ದು ಸುಮಾರು 70 ಎಂಬಿ ಮಾತ್ರ. ಆ ಕನ್ಸೋಲ್‌ನ ಡಿಸ್ಕ್ 100 ಜಿಬಿವರೆಗೆ ಹಿಡಿಸಬಲ್ಲದು. ಇಂಥ ಡಿಸ್ಕನ್ನೂ ಪೂರ್ತಿ ಗೇಮ್ ತುಂಬಿಕೊಂಡ ಡಿಸ್ಕನ್ನೂ ಒಂದೇ ಸಾಲಿನಲ್ಲಿಟ್ಟು ಒಂದೇ ಮಾತು ಹೇಳಿ ಮಾರುವುದು ಸರಿಯಲ್ಲ ಎಂದು ಸಂಘ ತೀರ್ಮಾನಿಸಿದೆ.

ಚೀಟಿಯ ಬಣ್ಣಗಳು

ಹಸಿರು ಚೀಟಿ ಇದ್ದರೆ ಗೇಮ್ ಪೂರ್ತಿ ಒಳಗಿದೆ, ನೆಟ್ ಬೇಡ. ಹಳದಿ ಇದ್ದರೆ ಮುಖ್ಯ ಗೇಮ್ ನಡೆಯುತ್ತದೆ, ಆದರೆ ಏನೋ ಒಂದು ಹೊರಗಿದೆ: ಒಂದು ಮೋಡ್, ಒಂದು ಭಾಷೆಯ ಧ್ವನಿ, ಅಥವಾ ಆಟ ಅರ್ಧಕ್ಕೆ ನಿಲ್ಲಿಸುವಂಥ ದೋಷಕ್ಕೆ ಬೇಕಾದ ಅಪ್‌ಡೇಟ್. ಏನು ಹೊರಗಿದೆ ಎಂಬುದನ್ನು ಚೀಟಿಯ ಹಿಂಬದಿಯಲ್ಲಿ ಬರೆದಿರುತ್ತೇವೆ. ಮೂರು ಗೇಮ್‌ಗಳು ಒಟ್ಟಿಗಿರುವ ಬಾಕ್ಸ್ ಕೊಂಡು, ಎರಡನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕಾದ ಸಂಕಲನಗಳೂ ಇಲ್ಲೇ ಬರುತ್ತವೆ. ಕಿತ್ತಳೆ ಎಂದರೆ ಡಿಸ್ಕ್ ಅಥವಾ ಕಾರ್ಡ್ ಬರೀ ಕೀಲಿಕೈ, ಗೇಮ್ ಇರುವುದು ಸರ್ವರ್‌ನಲ್ಲಿ. ಕೆಂಪು ಎಂದರೆ ಪ್ರತಿ ಸಲ ಆಡುವಾಗಲೂ ಸರ್ವರ್ ಬೇಕು.

ಬಣ್ಣದ ಪಕ್ಕದಲ್ಲೇ ಕನ್ಸೋಲ್‌ನ ಹೆಸರನ್ನೂ ಬರೆಯುತ್ತೇವೆ, ದಯವಿಟ್ಟು ಅದನ್ನು ಓದದೆ ಕೊಳ್ಳಬೇಡಿ. ಒಂದೇ ಡಿಸ್ಕ್‌ಗೆ ಎರಡು ಬಣ್ಣ ಬರಬಹುದು. ಉದಾಹರಣೆಗೆ, ಎಕ್ಸ್‌ಬಾಕ್ಸ್ 360ರ ಡಿಸ್ಕ್ ಆ ಕನ್ಸೋಲ್‌ನಲ್ಲಿ ಹಸಿರು. ಅದನ್ನೇ ಎಕ್ಸ್‌ಬಾಕ್ಸ್ ಒನ್ ಅಥವಾ ಸೀರೀಸ್ ಎಕ್ಸ್‌ಗೆ ಹಾಕಿದರೆ ಕಿತ್ತಳೆ, ಏಕೆಂದರೆ ಅಲ್ಲಿ ಡಿಸ್ಕ್ ಪರವಾನಗಿಯನ್ನು ತೋರಿಸುವ ಕೆಲಸ ಮಾತ್ರ ಮಾಡುತ್ತದೆ. ಗೇಮ್ ಹೊಸದಾಗಿ ಡೌನ್‌ಲೋಡ್ ಆಗುತ್ತದೆ.

ನಿಂಟೆಂಡೊ ಸ್ವಿಚ್ 2 ಕನ್ಸೋಲ್‌ನ ಗೇಮ್-ಕೀ ಕಾರ್ಡ್ ಬಗ್ಗೆ ಸಂಗ್ರಾಹಕರಲ್ಲೇ ಎರಡು ಅಭಿಪ್ರಾಯವಿದೆ. ಕಾರ್ಡ್‌ನಲ್ಲಿ ಗೇಮ್ ಇಲ್ಲ. ಮೊದಲ ಸಲ ನೆಟ್‌ಗೆ ಸೇರಿಸಿ ಇಳಿಸಿಕೊಳ್ಳಬೇಕು. ಆಮೇಲೆ ನೆಟ್ ಬೇಡ, ಕಾರ್ಡ್ ಮಾತ್ರ ಕನ್ಸೋಲ್‌ನಲ್ಲೇ ಇರಬೇಕು. ಆದರೆ ಕಾರ್ಡ್ ಯಾರ ಅಕೌಂಟ್‌ಗೂ ಅಂಟಿಕೊಳ್ಳುವುದಿಲ್ಲ, ಮಾರಬಹುದು, ಗೆಳೆಯರಿಗೆ ಕೊಡಬಹುದು. ಸರ್ವರ್ ನಿಂತ ದಿನ ಇದು ಪ್ಲಾಸ್ಟಿಕ್ ತುಂಡು ಎನ್ನುವವರ ಮಾತೂ ನಿಜ, ಕೋಡ್‌ಗಿಂತ ಇದು ಎಷ್ಟೋ ವಾಸಿ ಎನ್ನುವವರ ಮಾತೂ ನಿಜ. ಆದ್ದರಿಂದ ಇವನ್ನು ಕಿತ್ತಳೆ ಚೀಟಿ ಅಂಟಿಸಿ ಮಾರುತ್ತೇವೆ, ಮರಳಿ ಕೊಳ್ಳುತ್ತೇವೆ. ಮರಳಿ ಕೊಳ್ಳುವ ಬೆಲೆ ಪೂರ್ಣ ಕಾರ್ಡ್‌ಗಿಂತ ಕಡಿಮೆ ಇರುತ್ತದೆ. ಕೋಡ್ ಬಾಕ್ಸ್‌ನ ವಿಷಯ ಬೇರೆ. ಕೋಡ್ ಒಮ್ಮೆ ಹಾಕಿದ ಮೇಲೆ ಆ ಬಾಕ್ಸ್‌ನಲ್ಲಿ ಯಾರಿಗೂ ಏನೂ ಉಳಿಯುವುದಿಲ್ಲ. ನಾವು ಅದನ್ನು ಕೈಬಿಟ್ಟದ್ದು ಇದಕ್ಕೇ.

ಪರೀಕ್ಷೆ ಹೇಗೆ

ಕನ್ಸೋಲ್‌ನಲ್ಲಿ ಆ ಗೇಮ್‌ನ ಹಳೆಯ ಡೇಟಾ ಸ್ವಲ್ಪ ಉಳಿದಿದ್ದರೂ ಫಲಿತಾಂಶ ಸುಳ್ಳಾಗುತ್ತದೆ. ಹಿಂದೆ ಇಳಿದ ಅಪ್‌ಡೇಟ್ ಸದ್ದಿಲ್ಲದೆ ಕೆಲಸ ಮಾಡಿಬಿಡುತ್ತದೆ. ಆದ್ದರಿಂದ ಮೊದಲು ಗೇಮ್ ಡೇಟಾವನ್ನು ಪೂರ್ತಿ ಅಳಿಸುತ್ತೇವೆ. ನೆಟ್ ತಂತಿ ಕಿತ್ತು, ವೈಫೈ ಸೆಟ್ಟಿಂಗ್ ಅಳಿಸಿ, ಆನ್‌ಲೈನ್ ಅಕೌಂಟ್‌ಗೆ ಸೇರದ ಹೊಸ ಬಳಕೆದಾರರನ್ನು ಮಾಡಿ ಡಿಸ್ಕ್ ಹಾಕುತ್ತೇವೆ. ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್ ಕನ್ಸೋಲ್‌ಗಳನ್ನು ಮೊದಲ ಸಲ ಸಿದ್ಧಪಡಿಸುವುದಕ್ಕೇ ಇಂಟರ್ನೆಟ್ ಬೇಕು. ಹಾಗಾಗಿ ಅವುಗಳಲ್ಲಿ ಆ ಹಂತ ಮುಗಿಸಿ ನಂತರ ತಂತಿ ತೆಗೆಯುತ್ತೇವೆ.

ಇನ್‌ಸ್ಟಾಲ್ ಮುಗಿದ ಮೇಲೆ ಆವೃತ್ತಿ ಸಂಖ್ಯೆ ಬರೆದುಕೊಳ್ಳುತ್ತೇವೆ. ಪ್ಲೇಸ್ಟೇಷನ್ 4ರಲ್ಲಿ ಗೇಮ್ ಮೇಲೆ ನಿಂತು ಆಪ್ಷನ್ಸ್ ಒತ್ತಿ, ಮಾಹಿತಿ ತೆರೆದರೆ ಅದು ಕಾಣುತ್ತದೆ. ಮೊದಲ ಮುದ್ರಣದ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ 1.00 ಇರುತ್ತದೆ. ನಂತರದ ಮುದ್ರಣಗಳಲ್ಲಿ, ಮುಖ್ಯವಾಗಿ ಎಲ್ಲ ಡಿಎಲ್‌ಸಿ (ನಂತರ ಬೇರೆಯಾಗಿ ಡೌನ್‌ಲೋಡ್‌ಗೆ ಬಿಡುವ ಹೆಚ್ಚುವರಿ ಭಾಗ) ಸೇರಿಸಿ ತಂದ ಆವೃತ್ತಿಗಳಲ್ಲಿ, ತಿದ್ದುಪಡಿಗಳು ಡಿಸ್ಕ್‌ನೊಳಗೇ ಸೇರಿರಬಹುದು. ಆಡುವವರಿಗೆ ಮೊದಲ ಮುದ್ರಣಕ್ಕಿಂತ ಇದೇ ಮೇಲು. ಆದರೆ ಕೆಲವು ಇಂಥ ಬಾಕ್ಸ್‌ಗಳಲ್ಲಿ ಹಳೆಯ ಡಿಸ್ಕನ್ನೇ ಇಟ್ಟು ಡಿಎಲ್‌ಸಿಗೆ ಒಂದು ಕೋಡ್ ಚೀಟಿ ಹಾಕಿರುತ್ತಾರೆ. ಅವು ಹಳದಿ.

ಆಮೇಲೆ ಮೆನುವಿನ ಪ್ರತಿ ಮೋಡ್ ತೆರೆದು ನೋಡುತ್ತೇವೆ. ಅಡಗಿರುವ ಡೌನ್‌ಲೋಡ್ ಬಹಳ ಸಲ ಸಿಕ್ಕಿಬೀಳುವುದು ಇಲ್ಲೇ: ಮೊದಲ ಅಧ್ಯಾಯ ಸರಾಗವಾಗಿ ನಡೆದು, ಎರಡನೆಯದನ್ನು ಮುಟ್ಟಿದಾಗ "ಇನ್‌ಸ್ಟಾಲ್ ಪೂರ್ತಿಯಾಗಿಲ್ಲ" ಎನ್ನುತ್ತದೆ. ಎಲ್ಲ ಗೇಮ್‌ಗಳನ್ನೂ ಕೊನೆಯವರೆಗೆ ಆಡಿ ನೋಡುವುದು ಸಾಧ್ಯವಿಲ್ಲ. ಕೊನೆ ಮುಟ್ಟಿ ನೋಡಿದ ಗೇಮ್‌ಗೆ ಚೀಟಿಯಲ್ಲಿ ಒಂದು ನಕ್ಷತ್ರ ಇರುತ್ತದೆ. ಬೇರೆ ಪ್ರಾಂತ್ಯದ, ಅಂದರೆ ಬೇರೆ ದೇಶದ ಮಾರುಕಟ್ಟೆಗೆಂದು ತಂದ, ಮುದ್ರಣ ನಿಮ್ಮಲ್ಲಿದ್ದರೆ ನಮ್ಮ ಫಲಿತಾಂಶವನ್ನು ಅದಕ್ಕೆ ಹಾಗೆಯೇ ಅನ್ವಯಿಸಬೇಡಿ. ಒಂದೇ ಗೇಮ್ ಒಂದು ಕಡೆ ಪೂರ್ಣ ಕಾರ್ಡ್ ಆಗಿ, ಇನ್ನೊಂದು ಕಡೆ ಕೋಡ್ ಆಗಿ ಬಂದಿರುವುದುಂಟು.

ಬ್ಲೂ-ರೇ ಪಾಲಿಶ್ ಏಕೆ ನಿಲ್ಲಿಸಿದ್ದೇವೆ

ಸಿಡಿ, ಡಿವಿಡಿ, ಬ್ಲೂ-ರೇ ಮೂರರ ದಪ್ಪವೂ 1.2 ಮಿ.ಮೀ. ಡೇಟಾ ಇರುವ ಜಾಗ ಮಾತ್ರ ಬೇರೆ ಬೇರೆ. ಸಿಡಿಯಲ್ಲಿ ಅದು ಮೇಲ್ಗಡೆ, ಲೇಬಲ್‌ನ ತೆಳು ಲೇಪದ ಕೆಳಗೇ ಇದೆ. ಹಾಗಾಗಿ ಪ್ಲೇಸ್ಟೇಷನ್ 1ರ ಡಿಸ್ಕ್‌ನ ಕೆಳಮೈಯಲ್ಲಿ ಗೀರು ಬಿದ್ದರೆ ಸವೆಸಿ ಸರಿಮಾಡಬಹುದು, ಲೇಬಲ್ ಕಡೆ ಆಳವಾದ ಗೀರು ಬಿದ್ದರೆ ಉಳಿಗಾಲವಿಲ್ಲ. ಡಿವಿಡಿ ಎಂದರೆ 0.6 ಮಿ.ಮೀ.ನ ಎರಡು ತಟ್ಟೆ ಅಂಟಿಸಿದ್ದು, ಡೇಟಾ ನಡುವೆ ಇದೆ. ಬ್ಲೂ-ರೇಯಲ್ಲಿ ಡೇಟಾ ಇರುವುದು ಓದುವ ಮೈಯಿಂದ ಬರೀ 0.1 ಮಿ.ಮೀ. ಒಳಗೆ. ಅದರ ಮೇಲಿನ ಗಟ್ಟಿ ಲೇಪವೇ ಡಿಸ್ಕ್‌ಗೆ ರಕ್ಷಣೆ. ಪಾಲಿಶ್ ಯಂತ್ರ ಮೊದಲು ತೆಗೆಯುವುದು ಆ ಲೇಪವನ್ನೇ. ಆಮೇಲೆ ಬಟ್ಟೆ ತಾಗಿದರೂ ಗೀರಾಗುತ್ತದೆ. ಪದರದ ದಪ್ಪ ಏರುಪೇರಾದರೆ ಲೇಸರ್‌ಗೆ ಫೋಕಸ್ ಸಿಗುವುದಿಲ್ಲ. ಪ್ಲೇಸ್ಟೇಷನ್ 3, 4, 5 ಮತ್ತು ಎಕ್ಸ್‌ಬಾಕ್ಸ್ ಒನ್, ಸೀರೀಸ್ ಎಕ್ಸ್ ಡಿಸ್ಕ್‌ಗಳೆಲ್ಲ ಈ ಗುಂಪಿನವು. ಇವನ್ನು ಒರೆಸಿ, ಪರೀಕ್ಷಿಸಿ, ಇದ್ದ ಸ್ಥಿತಿ ಹೇಳಿ ಕಳಿಸುತ್ತೇವೆ, ಅಷ್ಟೇ.

ಸಿಡಿ, ಡಿವಿಡಿ ಪಾಲಿಶ್ ಮುಂದುವರಿಯುತ್ತದೆ, ಒಂದು ಡಿಸ್ಕ್‌ಗೆ ಹೆಚ್ಚೆಂದರೆ ಎರಡು ಸಲ. ಕಳಿಸುವ ಮುಂಚೆ ಡಿಸ್ಕನ್ನು ಪ್ರಖರ ಬೆಳಕಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದಂತೆ ಬೆಳಕಿನ ಚುಕ್ಕೆಗಳು ಕಂಡರೆ ಒಳಗಿನ ಲೋಹದ ಪದರವೇ ಹೋಗಿದೆ. ಪಾಲಿಶ್‌ನಿಂದ ಅದು ಮರಳುವುದಿಲ್ಲ, ಸುಮ್ಮನೆ ಖರ್ಚು ಮಾಡಬೇಡಿ. ಮನೆಯಲ್ಲಿ ಒರೆಸುವಾಗ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ಒರೆಸಿದರೆ ಬೀಳುವ ಗೀರು ಡೇಟಾ ಸಾಲಿನ ಗುಂಟವೇ ಸಾಗುತ್ತದೆ, ಅಷ್ಟುದ್ದದ ನಷ್ಟವನ್ನು ದೋಷ ತಿದ್ದುವ ವ್ಯವಸ್ಥೆ ತುಂಬಲಾರದು. ಮೆತ್ತನೆಯ ಪಿವಿಸಿ ಲಕೋಟೆ ಬೇಡ, ಪಾಲಿಪ್ರೊಪಿಲೀನ್ ಒಳ್ಳೆಯದು. ಡಿಸ್ಕ್ ಮೇಲೆ ಸ್ಟಿಕರ್ ಅಂಟಿಸಲೇಬೇಡಿ.

ಕಾರ್ಟ್ರಿಜ್ ಬ್ಯಾಟರಿ

ಸೇವ್‌ಗೆ (ಆಡಿದಷ್ಟು ಆಟವನ್ನು ಉಳಿಸಿಡುವುದಕ್ಕೆ) ಬ್ಯಾಟರಿ ಬಳಸುವ ಹಳೆಯ ಕಾರ್ಟ್ರಿಜ್‌ಗಳನ್ನು, ಅಂದರೆ ಗೇಮ್ ತುಂಬಿದ ಪ್ಲಾಸ್ಟಿಕ್ ಡಬ್ಬಿಗಳನ್ನು, ಇನ್ನು ಮುಂದೆ ತೆರೆದು, ವೋಲ್ಟೇಜ್ ಅಳೆದೇ ಮಾರುತ್ತೇವೆ. ಹೊಸ ಬ್ಯಾಟರಿ 3 ವೋಲ್ಟ್‌ಗಿಂತ ತುಸು ಮೇಲೆ ತೋರಿಸುತ್ತದೆ, 2.7ಕ್ಕಿಂತ ಕೆಳಗಿದ್ದರೆ ಬದಲಾಯಿಸುತ್ತೇವೆ. ಬ್ಯಾಟರಿ ತೆಗೆದ ಕ್ಷಣ ಹಳೆಯ ಸೇವ್ ಹೋಗುತ್ತದೆ, ಅದು ಬೇಕಿದ್ದವರು ಮೊದಲೇ ತಿಳಿಸಿದರೆ ಕಾರ್ಟ್ರಿಜ್ ಓದುವ ರೀಡರ್ ಯಂತ್ರದಿಂದ ನಕಲು ತೆಗೆದು, ಕೆಲಸ ಮುಗಿದ ಮೇಲೆ ಮರಳಿ ಹಾಕುತ್ತೇವೆ.

ನೀವೇ ಮಾಡುವುದಾದರೆ: ಸೂಪರ್ ನಿಂಟೆಂಡೊ, ನಿಂಟೆಂಡೊ 64, ಗೇಮ್ ಬಾಯ್ ಕಾರ್ಟ್ರಿಜ್‌ಗಳಿಗೆ 3.8 ಮಿ.ಮೀ. ಗೇಮ್‌ಬಿಟ್ ಎಂಬ ಸ್ಕ್ರೂಡ್ರೈವರ್ ತುದಿ ಬೇಕು, ಗೇಮ್ ಬಾಯ್ ಅಡ್ವಾನ್ಸ್‌ಗೆ ಮೂರು ಸೀಳಿನ ಟ್ರೈ-ವಿಂಗ್. ಸೂಪರ್ ನಿಂಟೆಂಡೊಗೆ ಸಿಆರ್2032 ಬ್ಯಾಟರಿ, ಪೊಕೆಮಾನ್ ಗೋಲ್ಡ್, ಸಿಲ್ವರ್‌ಗೆ ಸಿಆರ್2025. ಈ ಎರಡು ಪೊಕೆಮಾನ್ ಗೇಮ್‌ಗಳಲ್ಲಿ ಗಡಿಯಾರವೂ ಅದೇ ಬ್ಯಾಟರಿಯಿಂದ ಓಡುವುದರಿಂದ ಬೇಗ ಬರಿದಾಗುತ್ತದೆ. ಪೊಕೆಮಾನ್ ರೂಬಿ, ಸಫೈರ್‌ಗೆ ಸಿಆರ್1616. ಅಲ್ಲಿ ಬ್ಯಾಟರಿ ಗಡಿಯಾರಕ್ಕೆ ಮಾತ್ರ, ಅದು ಸತ್ತರೂ ಸೇವ್ ಉಳಿಯುತ್ತದೆ. ಕಿವಿ ಬೆಸೆದಿರುವ, ಅಂದರೆ ಲೋಹದ ಪಟ್ಟಿ ಇರುವ ಬ್ಯಾಟರಿಯನ್ನೇ ಕೊಳ್ಳಿ. ಸಾದಾ ಬ್ಯಾಟರಿಯ ಮೈಗೆ ನೇರವಾಗಿ ಬೆಸುಗೆ ಹಾಕಿದರೆ ಶಾಖಕ್ಕೆ ಸಿಡಿಯಬಹುದು. ಟೇಪ್ ಸುತ್ತಿ ಕೂರಿಸಿದ ಬ್ಯಾಟರಿ ಒಂದು ಸಲ ಅಲುಗಿದರೆ ಸಂಪರ್ಕ ತಪ್ಪುತ್ತದೆ, ಸೇವ್ ಅಳಿಯುತ್ತದೆ. ಪ್ಲಸ್ ಬದಿ ಯಾವ ಕಡೆ ಇತ್ತೆಂದು ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಕಾರ್ಟ್ರಿಜ್‌ನ ಕಾಲುಗಳನ್ನು (ಕನ್ಸೋಲ್‌ಗೆ ತಾಗುವ ಲೋಹದ ತುದಿಗಳನ್ನು) ಐಸೊಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಲೋಹದ ಪಾಲಿಶ್ ಮತ್ತು ರಬ್ಬರ್ ಚಿನ್ನದ ಲೇಪವನ್ನು ತಿನ್ನುತ್ತವೆ.

ನೆಟ್ ಇರುವಾಗಲೇ ಮಾಡಬೇಕಾದ್ದು

ಪ್ಲೇಸ್ಟೇಷನ್ 5ಕ್ಕೆ ಬಿಡಿಯಾಗಿ ಸಿಗುವ ಡಿಸ್ಕ್ ಡ್ರೈವ್ ಕೊಂಡವರು ಅದನ್ನು ಬಾಕ್ಸ್‌ನಲ್ಲೇ ಇಡಬೇಡಿ. ಕನ್ಸೋಲ್‌ಗೆ ಅದನ್ನು ಜೋಡಿಸುವಾಗ ಒಮ್ಮೆ ಇಂಟರ್ನೆಟ್ ಬೇಕು. ಪ್ಲೇಸ್ಟೇಷನ್ 4 ಎತ್ತಿಟ್ಟುಕೊಂಡವರು ಸಿಸ್ಟಂ ಸಾಫ್ಟ್‌ವೇರ್ 9.00 ಅಥವಾ ಅದಕ್ಕಿಂತ ಹೊಸದಿದೆಯೇ ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ಅದು ಬರುವವರೆಗೆ, ಕನ್ಸೋಲ್‌ನ ಗಡಿಯಾರದ ಬ್ಯಾಟರಿ ಸತ್ತು ಸರ್ವರ್ ಸಂಪರ್ಕವೂ ಇಲ್ಲವಾದರೆ ಡಿಸ್ಕ್‌ನ ಗೇಮ್ ಕೂಡ ತೆರೆಯುತ್ತಿರಲಿಲ್ಲ. ಹಳದಿ ಚೀಟಿಯ ಗೇಮ್‌ಗಳ ಅಪ್‌ಡೇಟ್‌ಗಳನ್ನು ಇಳಿಸಿಟ್ಟುಕೊಳ್ಳಿ. ಸ್ವಿಚ್‌ನ ಮೈಕ್ರೊ ಎಸ್‌ಡಿ ಕಾರ್ಡ್‌ನಲ್ಲಿರುವ ಗೇಮ್ ಇಳಿಸಿದ ಕನ್ಸೋಲ್‌ನಲ್ಲಿ ಮಾತ್ರ ತೆರೆಯುತ್ತದೆ, ಸೇವ್ ಇರುವುದು ಕನ್ಸೋಲ್‌ನೊಳಗೆ. ಆದ್ದರಿಂದ ಕಾರ್ಡ್ ಜೋಪಾನವಾಗಿದೆ ಎಂದು ಕನ್ಸೋಲ್ ಮಾರಿಬಿಡಬೇಡಿ.

ನಮ್ಮಿಂದ ಕೋಡ್ ಬಾಕ್ಸ್ ಕೊಂಡವರು, ಒಳಗಿನ ಕೋಡ್ ಕೆರೆಯದೆ ಇದ್ದರೆ, ಈ ಪತ್ರ ತಲುಪಿದ 30 ದಿನಗಳೊಳಗೆ ಮರಳಿಸಬಹುದು, ಪೂರ್ತಿ ಹಣ ಕೊಡುತ್ತೇವೆ. ಈಗಾಗಲೇ ಪಾಲಿಶ್‌ಗೆ ಬಂದಿರುವ ಬ್ಲೂ-ರೇ ಡಿಸ್ಕ್‌ಗಳನ್ನು ನೀವು ಕಟ್ಟಿದ ಶುಲ್ಕದ ಸಮೇತ ಹಿಂದಿರುಗಿಸುತ್ತೇವೆ. ನಿಮ್ಮ ಬಳಿ ಇರುವ ಗೇಮ್‌ಗೆ ಚೀಟಿ ಬೇಕಾದರೆ ಬಾಕ್ಸ್ ಬೇಡ, ಡಿಸ್ಕ್ ಅಥವಾ ಕಾರ್ಡ್ ಮಾತ್ರ ಗಟ್ಟಿ ಕೇಸಿನಲ್ಲಿಟ್ಟು ಕಳಿಸಿ. ಜೊತೆಗೆ ಕನ್ಸೋಲ್‌ನ ಮಾದರಿ, ಬಾಕ್ಸ್‌ನ ಬೆನ್ನ ಮೇಲಿರುವ ಸಂಖ್ಯೆ, ಯಾವ ಪ್ರಾಂತ್ಯದ ಮುದ್ರಣ ಎಂಬುದನ್ನು ಕಾಗದದಲ್ಲಿ ಬರೆದಿಡಿ.

ಇಂತಿ ನಿಮ್ಮ ವಿಶ್ವಾಸಿಗಳು,
ಸಂಘದ ಪರೀಕ್ಷೆ ಮತ್ತು ದುರಸ್ತಿ ವಿಭಾಗ