ರಸ ಎಷ್ಟು ಹಾಕಿದ್ದರು ಅಂತ ಕೇಳಿದಿರಾ?

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಪತ್ರಿಕೆಯಲ್ಲಿ ‘ಸಾಂಬ್ರಾಣಿ ಎಲೆಗೆ ಆಂಟಿಬಯಾಟಿಕ್‌ನಷ್ಟೇ ಶಕ್ತಿ’ ಅಂತ (ನಾವು ಸಾಂಬ್ರಾಣಿ ಅನ್ನುವುದು ದೊಡ್ಡಪತ್ರೆಗೆ) ಕಾಲೇಜು ಮಕ್ಕಳ ಪ್ರಾಜೆಕ್ಟಿನ ಸುದ್ದಿ ಬಂದಿತ್ತು. ನಮ್ಮ ಪಕ್ಕದ ಮನೆಯ ಅಕ್ಕ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದರು. ಅವರಿಗೆ ಶುಗರ್ ಇದೆ. ತೆಂಗಿನ ಮಡಲು ಎಳೆಯುವಾಗ ಕಾಲಿಗೆ ಗೀರಿ ಗಾಯವಾಗಿತ್ತು. ಡಾಕ್ಟರು ಕೊಟ್ಟ ಮಾತ್ರೆಯನ್ನು ಎರಡೇ ದಿನಕ್ಕೆ ನಿಲ್ಲಿಸಿ, ಸಾಂಬ್ರಾಣಿ ಎಲೆ ಜಜ್ಜಿ ಕಟ್ಟಿಕೊಂಡರು. ಬೇಡ ಅಂದೆ. “ಪೇಪರಲ್ಲೇ ಬಂದಿದೆ ಮಾರಾಯ್ತಿ, ಇನ್ನೆಂತ ಮಾತ್ರೆ?” ಅಂದರು. ಆರನೇ ದಿನ ಪಾದ ಊದಿತು, ಜ್ವರ ಬಂತು. ಆಟೋ ಮಾಡಿ ಉಡುಪಿಗೆ ಕರೆದುಕೊಂಡು ಹೋದವಳು ನಾನೇ. ಈಗಲೂ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ನಡೆಯುತ್ತಿದೆ.

ಸುದ್ದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮಂಗಳೂರಿನ ಒಂದು ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ 26 ವರ್ಷ ಸಹಾಯಕಿಯಾಗಿದ್ದೆ. ಇಂಥ ಪ್ರಾಜೆಕ್ಟುಗಳಿಗೆ ತಟ್ಟೆ ತಯಾರಿಸಿ ಕೊಡುವುದೇ ನನ್ನ ಕೆಲಸ. ಹಾಲುಬಾಯಿ ಹೊಯ್ದ ಹಾಗೆ ಬಿಸಿ ಅಗರನ್ನು, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯನ್ನು, ತಟ್ಟೆಗೆ ಹೊಯ್ಯುವುದು. ಗಟ್ಟಿಯಾದ ಮೇಲೆ ಮಕ್ಕಳು ಹತ್ತಿಯ ಕಡ್ಡಿಯಿಂದ ಬ್ಯಾಕ್ಟೀರಿಯಾ ಸವರಿ, ಸಣ್ಣ ಗುಳಿ ಕೊರೆದು, ಎಲೆಯ ರಸ ಬಿಟ್ಟು, 37 ಡಿಗ್ರಿಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮರುದಿನ ತೆಗೆದರೆ ತಟ್ಟೆಯೆಲ್ಲ ಮಬ್ಬು, ಗುಳಿಯ ಸುತ್ತ ಮಾತ್ರ ಬಳೆಯ ಹಾಗೆ ತಿಳಿ ಜಾಗ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ ಅಂತ ಅರ್ಥ. ಸ್ಕೇಲ್ ಇಟ್ಟು ಮಿಲಿಮೀಟರ್ ಲೆಕ್ಕ ಬರೆಯುವಾಗ ಆ ಮಕ್ಕಳ ಮುಖ ನೋಡಬೇಕು!

ಆದರೆ ಬಳೆಯ ಅಗಲ ಒಂದೇ ನೋಡಿದರೆ ಆಗುವುದಿಲ್ಲ. ಪಕ್ಕದಲ್ಲಿ ಹೋಲಿಕೆಗೆ ಇಡುವ ಜೆಂಟಾಮೈಸಿನ್ ಅನ್ನುವ ಆಂಟಿಬಯಾಟಿಕ್ ಬಿಲ್ಲೆಯಲ್ಲಿ ಔಷಧ ಇರುವುದು 10 ಮೈಕ್ರೋಗ್ರಾಂ. ಎಲೆಯ ಸಾರವನ್ನು ಮಿಲಿಲೀಟರಿಗೆ 100 ಮಿಲಿಗ್ರಾಂನಂತೆ ಕಲಸಿ, 50 ಮೈಕ್ರೋಲೀಟರ್ ಗುಳಿಗೆ ಬಿಟ್ಟರೆ ಅದು 5,000 ಮೈಕ್ರೋಗ್ರಾಂ ಆಯಿತು. ಅಂದರೆ 500 ಪಟ್ಟು ಜಾಸ್ತಿ. ಎರಡೂ ಬಳೆ ಒಂದೇ ಅಗಲ ಬಂದರೆ ಶಕ್ತಿಯೂ ಒಂದೇ ಅನ್ನಬಹುದಾ? ನಿಜ, ಎಲೆಯ ಸಾರದಲ್ಲಿ ಹತ್ತಾರು ಪದಾರ್ಥ ಇರುತ್ತವೆ, ಕೆಲಸ ಮಾಡುವುದು ಅದರಲ್ಲಿ ಚೂರೇ ಇರಬಹುದು. ಆ ಚೂರನ್ನು ಬೇರೆ ಮಾಡಿ ನೋಡುವುದೇ ದೊಡ್ಡ ಕೆಲಸ. ಪ್ರಾಜೆಕ್ಟು ಅಲ್ಲಿಗೆ ಮುಟ್ಟುವ ಮೊದಲೇ ಪರೀಕ್ಷೆ ಬಂದುಬಿಡುತ್ತದೆ.

ಒಮ್ಮೆ ಒಬ್ಬಳು ಹುಡುಗಿ ನೆಕ್ಕಿ ಸೊಪ್ಪಿನ ತಟ್ಟೆ ಹಿಡಿದು ಓಡಿ ಬಂದಳು. ಭಾರೀ ದೊಡ್ಡ ಬಳೆ. ಸಾರ ತೆಗೆದದ್ದು ಆಲ್ಕೋಹಾಲಿನಲ್ಲಿ, ಹಾಗಾಗಿ ಹೋಲಿಕೆಗೆ ಬರೀ ಆಲ್ಕೋಹಾಲ್ ಬಿಟ್ಟ ಗುಳಿ ಎಲ್ಲಿ ಅಂತ ಕೇಳಿದೆ. ಇಟ್ಟಿರಲಿಲ್ಲ. ಮತ್ತೆ ಮಾಡಿಸಿದೆವು. ಬರೀ ಆಲ್ಕೋಹಾಲಿಗೂ ಹೆಚ್ಚುಕಮ್ಮಿ ಅಷ್ಟೇ ಬಳೆ! ಸಾರದ ಆಲ್ಕೋಹಾಲ್ ಒಣಗಿಸದೆ ಹಾಗೇ ಹಾಕಿದ್ದಳು. ಪಾಪ, ಮಧ್ಯಾಹ್ನ ಊಟಕ್ಕೂ ಹೋಗಲಿಲ್ಲ.

‘ಆಂಟಿಆಕ್ಸಿಡೆಂಟ್ ಭಂಡಾರ’ ಅಂತಲೂ ಬರೆದಿದ್ದಿರಿ. ಡಿಪಿಪಿಎಚ್ ಅನ್ನುವ ನೇರಳೆ ದ್ರಾವಣಕ್ಕೆ ಸಾರ ಹಾಕಿದಾಗ ಅದು ಹಳದಿಗೆ ತಿರುಗಿದರೆ ಆ ಗುಣ ಇದೆ ಅಂತ ಲೆಕ್ಕ. ನಾವು ಕುಡಿಯುವ ಚಾ ಹಾಕಿದರೂ ತಿರುಗುತ್ತದೆ.

ನಾನು ಸೊಪ್ಪಿನ ವಿರೋಧಿ ಅಲ್ಲ. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ ಕಷಾಯ ಮುಖ ಕಿವುಚಿಕೊಂಡಾದರೂ ಕುಡಿಯುತ್ತೇನೆ. ಸಾಂಬ್ರಾಣಿಯ ಆ ಘಾಟಿನಲ್ಲಿರುವ ಕಾರ್ವಾಕ್ರಾಲ್, ಥೈಮಾಲ್ ಅನ್ನುವ ಪದಾರ್ಥಗಳು ನಿಜವಾಗಿಯೂ ಬ್ಯಾಕ್ಟೀರಿಯಾ ಕೊಲ್ಲುತ್ತವೆ. ಮಲೇರಿಯಾದ ಔಷಧ ಆರ್ಟೆಮಿಸಿನಿನ್ ಬಂದದ್ದೂ ಗಿಡದಿಂದಲೇ. ಅದನ್ನು ಹುಡುಕಿದ ಚೀನಾದ ಟೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು. ಬಿಸಿ ಮಾಡಿದರೆ ಗುಣ ಹಾಳಾಗುತ್ತದೆ ಅಂತ ಅವರು ಈಥರ್ ಬಳಸಿ ತಣ್ಣಗೆ ಸಾರ ತೆಗೆದರು. ಲ್ಯಾಬಿನಲ್ಲಿ ಮೆಥನಾಲ್ ಅನ್ನುವ ಆಲ್ಕೋಹಾಲಿನಲ್ಲಿ ತೆಗೆದ ಸಾರವೂ ನಮ್ಮ ಅಡಿಗೆಮನೆಯ ಕಷಾಯವೂ ಒಂದೇ ಅಲ್ಲ, ಅಲ್ವಾ?

ಇನ್ನು ಮುಂದೆ ಇಂಥ ಸುದ್ದಿ ಹಾಕುವಾಗ ಎಷ್ಟು ಸಾರ ಹಾಕಿದ್ದರು, ಯಾವುದರಲ್ಲಿ ತೆಗೆದರು ಅಂತ ವರದಿಗಾರರು ಆ ಮಕ್ಕಳನ್ನೇ ಕೇಳಲಿ. ಅವರು ಖುಷಿಯಿಂದ ಹೇಳುತ್ತಾರೆ. ‘ಇದು ತಟ್ಟೆಯಲ್ಲಿ ಮಾತ್ರ ನೋಡಿದ್ದು, ಮಾತ್ರೆ ನಿಲ್ಲಿಸಬೇಡಿ’ ಅಂತ ಒಂದು ಸಾಲು ತಲೆಬರಹದ ಕೆಳಗೇ ಹಾಕಿ. ಕೊನೆಯಲ್ಲಿ ಹಾಕಿದರೆ ನಮ್ಮ ಅಕ್ಕ ಓದುವುದಿಲ್ಲ.

– ನಿವೃತ್ತ ಲ್ಯಾಬ್ ಸಹಾಯಕಿ, ಕಟಪಾಡಿ