ಮೂಲೆಮಟ್ಟಕ್ಕೆ ಒಗ್ಗದ ಪದ: ಗೆಳೆಯನಿಗೊಂದು ಪತ್ರ

ಹಾಸನ

ಪ್ರೀತಿಯ ಗೆಳೆಯ,

ನಿನ್ನ ಅನುವಾದದ ಹಾಳೆಗಳನ್ನು ಎರಡು ಸಲ ಓದಿದೆ. ‘ಎನಾರ್ಮಸ್’ ಎಂದು ಬಂದಲ್ಲೆಲ್ಲ ನೀನು ‘ಬೃಹತ್’ ಎಂದೇ ಬರೆದಿರುವೆ. ಕಟ್ಟಡವೂ ಬೃಹತ್, ಸಾಲವೂ ಬೃಹತ್, ಕೊನೆಗೆ ದುಃಖವೂ ಬೃಹತ್. ಈ ಒಂದು ಪದದ ಬಗ್ಗೆ ಮನಸ್ಸು ಬಿಚ್ಚಿ ಬರೆಯಬೇಕೆನಿಸಿತು.

ಲ್ಯಾಟಿನ್ನಿನಲ್ಲಿ ‘ನಾರ್ಮಾ’ ಎಂದರೆ ನಮ್ಮ ಬಡಗಿಗಳ ಕೈಯಲ್ಲಿರುವ ಮೂಲೆಮಟ್ಟ. ಅದರ ಅಳತೆಗೆ ಒಗ್ಗದೆ ಆಚೆಗೆ ಸರಿದದ್ದು ಎಂಬುದು ‘ಎನಾರ್ಮಸ್’ ಪದದ ಮೂಲಾರ್ಥ. ಆದ್ದರಿಂದಲೇ 16ನೆಯ ಶತಮಾನದ ಇಂಗ್ಲಿಷಿನಲ್ಲಿ ಕಟ್ಟಳೆ ಮೀರಿದ, ಘೋರವಾದ ಎಂಬ ಅರ್ಥಗಳೂ ಅದಕ್ಕಿದ್ದವು; ಗಾತ್ರದ ಅರ್ಥವೇ ಮೇಲುಗೈ ಪಡೆದ ಮೇಲೂ ಆ ಹಳೆಯ ಅರ್ಥ ‘ಎನಾರ್ಮಿಟಿ’ ಎಂಬ ನಾಮಪದದಲ್ಲಿ ಉಳಿದುಕೊಂಡಿದೆ. ನೀನು ‘ಅಪರಾಧದ ವಿಸ್ತಾರ’ ಎಂದು ಬರೆದಿರುವ ಕಡೆ ಮೂಲದಲ್ಲಿರುವುದು ಇದೇ ಪದ. ಅಲ್ಲಿ ಬೇಕಾದದ್ದು ‘ಘೋರತೆ’.

ಸಾಲಕ್ಕೆ ‘ಮಿತಿಮೀರಿದ’ ಎನ್ನಬಹುದು. ‘ಮಿತಿ’ಯೂ ಅಳತೆಯೇ ಆದ್ದರಿಂದ, ಸಾಲದ ಮಾತಿನಲ್ಲಿ ಗಾತ್ರವನ್ನೂ ನಡತೆಯ ಮಾತಿನಲ್ಲಿ ತಪ್ಪನ್ನೂ ಅದು ಸೂಚಿಸುತ್ತದೆ, ಇಂಗ್ಲಿಷ್ ಪದದ ಎರಡೂ ಮುಖಗಳಿಗೆ ಇಷ್ಟು ಹತ್ತಿರವಾದ ಇನ್ನೊಂದು ಮಾತು ನನಗೆ ಹೊಳೆಯಲಿಲ್ಲ. ದುಃಖಕ್ಕೆ ಮಾತ್ರ ದಡ ಕಾಣದ ‘ಅಪಾರ’ವೇ ಸರಿ.

ನೀನು ಶ್ರವಣಬೆಳಗೊಳದ ಗೊಮ್ಮಟನ ಬಗೆಗಿನ ವಾಕ್ಯದಲ್ಲಿಯೂ ‘ಬೃಹತ್’ ಬಳಸಿರುವೆ. ಅಲ್ಲಿ ಅದು ತಪ್ಪಲ್ಲ, ನಿಜವಾಗಿ ಅದು ಸಲ್ಲುವುದೇ ಅಲ್ಲಿ. ಚಾವುಂಡರಾಯ 10ನೆಯ ಶತಮಾನದ ಕೊನೆಯಲ್ಲಿ ಮಾಡಿಸಿದ, ಸುಮಾರು 57 ಅಡಿ ಎತ್ತರದ ಆ ಏಕಶಿಲೆ ಎಷ್ಟು ದೊಡ್ಡದಾದರೂ ಅಳತೆಗೆಟ್ಟದ್ದಲ್ಲ. 12ನೆಯ ಶತಮಾನದಲ್ಲಿ ಬೊಪ್ಪಣ ಪಂಡಿತ ಅಲ್ಲಿನ ಶಾಸನದಲ್ಲಿ ಗುರುತಿಸಿದ್ದು ಇದನ್ನೇ: ಆಕೃತಿ ಅತಿ ಎತ್ತರವಾದರೆ ಅದರಲ್ಲಿ ಸೌಂದರ್ಯ ಇರದು, ಎತ್ತರವೂ ಸೌಂದರ್ಯವೂ ಕೂಡಿದರೆ ಅತಿಶಯ ಇರದು, ಆದರೆ ಗೊಮ್ಮಟನಲ್ಲಿ ಮೂರೂ ನೆಲೆಸಿವೆ ಎಂದು ಆತ ಬೆರಗಾಗುತ್ತಾನೆ. ಬೆಟ್ಟ ಹತ್ತಿ ಆ ಪಾದಗಳ ಬಳಿ ನಿಂತಾಗಲೆಲ್ಲ ನನಗೆ ಆ ಪದ್ಯ ನೆನಪಾಗುತ್ತದೆ. ಹುಟ್ಟಿನ ಅರ್ಥವನ್ನು ಹಿಡಿದು ನೋಡಿದರೆ, ಮೂಲೆಮಟ್ಟ ಮೀರದ ಆ ಮೂರ್ತಿಯನ್ನು ‘ಎನಾರ್ಮಸ್’ ಎನ್ನಲು ನನಗೆ ಮನಸ್ಸು ಬಾರದು.

ತಿದ್ದಿದ ಹಾಳೆಗಳನ್ನು ಇದರೊಡನೆ ಕಳುಹಿಸಿದ್ದೇನೆ. ಕಟ್ಟಡದ ವಾಕ್ಯವನ್ನು ಮಾತ್ರ ಮುಟ್ಟಿಲ್ಲ. ಅದು ಬರಿಯ ದೊಡ್ಡ ಕಟ್ಟಡವೋ, ಊರಿನ ಅಳತೆಗೇ ಹೊಂದದ ಕಟ್ಟಡವೋ ಎಂಬುದನ್ನು ಮೂಲವನ್ನು ನೋಡಿ ನೀನೇ ತೀರ್ಮಾನಿಸು.

ಇಂತಿ ನಿನ್ನ ಗೆಳೆಯ